ಅಕ್ಕನಿಗೆ ಆರಾಮ ಬೇಕು, ನನಗೆ ಎಲ್ಲವೂ ನೋಡಬೇಕು: ಇಟಲಿಯಲ್ಲಿ ಹತ್ತು ದಿನ ಹೇಗೆ?

ಪ್ರಶ್ನೆ: ನನಗೆ 52 ವರ್ಷ, ಅಕ್ಕನಿಗೆ 61. ಇಬ್ಬರೇ ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. ಸೆಪ್ಟೆಂಬರ್‌ನಲ್ಲಿ ಹತ್ತು ದಿನ ಇಟಲಿ. ರೋಮ್, ನೇಪಲ್ಸ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್ ಎಲ್ಲಾ ನೋಡುವ ಆಸೆ ನನಗೆ. ಅಕ್ಕನಿಗೆ ಮಂಡಿನೋವು. "ನಾನು ಬರೋದು ಆರಾಮಾಗಿರೋಕೆ, ಓಡೋಕಲ್ಲ" ಅಂತಾಳೆ. ಈಗಲೇ ಮಾತಿಗೆ ಮಾತು ಬೆಳೀತಿದೆ. ಏನು ಮಾಡಲಿ?

ಉತ್ತರ: ಮೊದಲು ಊರುಗಳನ್ನು ಕಮ್ಮಿ ಮಾಡಿ. ಇದು ಅಕ್ಕನಿಗಾಗಿ ಮಾತ್ರ ಅಲ್ಲ, ನಿಮಗಾಗಿಯೂ ಹೇಳುತ್ತಿದ್ದೇನೆ. ಹೋಗುವ ದಿನ, ಬರುವ ದಿನ ಕಳೆದರೆ ಕೈಯಲ್ಲಿ ಉಳಿಯುವುದು ಎಂಟು ದಿನ. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಅಷ್ಟೆ, ನಿಜ. ಆದರೆ ಸೂಟ್‌ಕೇಸ್ ತುಂಬಬೇಕು, ರೂಮು ಖಾಲಿ ಮಾಡಬೇಕು, ಸ್ಟೇಷನ್‌ಗೆ ಹೋಗಬೇಕು, ಮುಂದಿನ ಊರಲ್ಲಿ ರೂಮು ಸಿಗುವ ತನಕ ಕಾಯಬೇಕು. ಊರು ಬದಲಿಸಿದಾಗಲೆಲ್ಲ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ರೋಮ್‌ನಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸ್‌ನಲ್ಲಿ ಮೂರು, ವೆನಿಸ್‌ನಲ್ಲಿ ಎರಡು. ಸಾಕು. ರೋಮ್‌ನಲ್ಲಿ ಇಳಿದು ವೆನಿಸ್‌ನಿಂದಲೇ ವಾಪಸ್ ವಿಮಾನ ಹತ್ತಿದರೆ ಹಿಂದಕ್ಕೆ ಬರುವ ಓಡಾಟವೂ ಇಲ್ಲ. ನೇಪಲ್ಸ್, ಮಿಲಾನ್ ಇನ್ನೊಂದು ಸಲಕ್ಕೆ ಇರಲಿ.

ಕೆಲವು ವರ್ಷದ ಹಿಂದೆ ಗೆಳತಿಯ ಜೊತೆ ನಾನು ರೋಮ್‌ಗೆ ಹೋಗಿದ್ದೆ. ಎರಡನೇ ದಿನ ಕೊಲೋಸಿಯಂ ನೋಡಿ ನೇರವಾಗಿ ಪಕ್ಕದ ಫೋರಂಗೆ, ಅಂದರೆ ಪ್ರಾಚೀನ ರೋಮ್‌ನ ಅವಶೇಷಗಳಿರುವ ಜಾಗಕ್ಕೆ, ನಡೆದೆವು. ಅಲ್ಲಿನ ಹಳೆಯ ಹಾದಿಯ ತುಂಬಾ ದಪ್ಪ ಕಲ್ಲುಗಳು, ಒಂದು ಎತ್ತರ, ಒಂದು ತಗ್ಗು. ನೆರಳು ತೀರಾ ಕಮ್ಮಿ. ಅವಳು ಏನೂ ಹೇಳದೆ ನಿಧಾನಕ್ಕೆ ಹಿಂದೆ ಬಿದ್ದಳು. ತಿರುಗಿ ನೋಡಿದರೆ ಕಲ್ಲಿನ ಮೇಲೆ ಕೂತು, ಶೂ ಬಿಚ್ಚಿ, ಹಿಮ್ಮಡಿ ಹಿಡಿದುಕೊಂಡಿದ್ದಳು. ಚರ್ಮ ಸುಲಿದಿತ್ತು. "ನೀನು ನೋಡ್ಕೊಂಡು ಬಾ, ನಾನು ಇಲ್ಲೇ ಇರ್ತೀನಿ" ಅಂದಳು. ಕಾಲು ನೋಯುತ್ತಿದೆ ಅಂತ ಹಿಂದಿನ ರಾತ್ರಿಯೇ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅದು ಇವತ್ತಿಗೂ ನನಗೆ ನೋವಿನ ವಿಷಯ. ನಿಮ್ಮ ಅಕ್ಕ ಹೊರಡುವ ಮೊದಲೇ ಬಾಯಿಬಿಟ್ಟು ಹೇಳುತ್ತಿದ್ದಾರೆ. ಅದು ಒಳ್ಳೆಯದೇ ಅಲ್ವಾ?

ದಯವಿಟ್ಟು ವಿಶ್ರಾಂತಿಯನ್ನೂ ಪ್ಲಾನಿನಲ್ಲಿ ಬರೆದುಕೊಳ್ಳಿ. ಸುಸ್ತಾದಾಗ ಕೂರೋಣ ಅಂದುಕೊಂಡರೆ ಕೂರುವ ಹೊತ್ತಿಗೆ ಕಾಲೂ ಕೆಟ್ಟಿರುತ್ತದೆ, ಮನಸ್ಸೂ ಕೆಟ್ಟಿರುತ್ತದೆ. ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಿಗ್ಗೆ. ಮಧ್ಯಾಹ್ನ ರೂಮಿಗೆ ಬಂದು ಮಲಗಿ. ಸಂಜೆ ಸುಮ್ನೆ ಹತ್ತಿರದ ಚೌಕದ ತನಕ ಹೋಗಿ ಬನ್ನಿ. ಇದಕ್ಕೆ ರೂಮು ಊರ ನಡುವೆಯೇ ಇರಬೇಕು. ಸ್ವಲ್ಪ ದುಡ್ಡು ಜಾಸ್ತಿಯಾದರೂ ಇಲ್ಲಿ ಉಳಿತಾಯ ನೋಡಬೇಡಿ. ಲಿಫ್ಟ್ ಇದೆಯಾ ಅಂತ ಮೊದಲೇ ಕೇಳಿ, ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ವೆನಿಸ್‌ನ ಹಳೆಯ ಊರಿನ ಒಳಗೆ ಕಾರು, ಬಸ್ಸು ಇಲ್ಲ. ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲು. ಅಲ್ಲಿ ದೋಣಿ ನಿಲ್ದಾಣದ ಪಕ್ಕದಲ್ಲೇ ರೂಮು ಹಿಡಿದರೆ ಸೂಟ್‌ಕೇಸ್ ಎತ್ತುವ ಕಷ್ಟ ತಪ್ಪುತ್ತದೆ.

ಕೂತೇ ನೋಡಬಹುದಾದದ್ದೂ ಬೇಕಾದಷ್ಟಿದೆ. ವೆನಿಸ್‌ನ 1ನೇ ನಂಬರಿನ ವಪೊರೆಟ್ಟೊ, ಅಂದರೆ ಊರಿನ ಸಾರಿಗೆ ದೋಣಿ, ಗ್ರ್ಯಾಂಡ್ ಕೆನಾಲ್ ಎಂಬ ದೊಡ್ಡ ಕಾಲುವೆಯ ಉದ್ದಕ್ಕೂ ನಿಲ್ದಾಣ ನಿಲ್ದಾಣಕ್ಕೆ ನಿಂತು ಸಾಗುತ್ತದೆ. ಮುಕ್ಕಾಲು ಗಂಟೆ ಹತ್ತಿರ ಎರಡೂ ದಡದ ಅರಮನೆಗಳನ್ನು ನೋಡುತ್ತಾ ಕೂರಬಹುದು. ರೋಮ್‌ನಲ್ಲಿ ವಿಲ್ಲಾ ಬೊರ್ಗೆಸೆ ಉದ್ಯಾನದ ಮರದ ನೆರಳಿದೆ. ಆದರೆ ಸ್ಪ್ಯಾನಿಷ್ ಸ್ಟೆಪ್ಸ್ ಎಂಬ ಹೆಸರಾಂತ ಮೆಟ್ಟಿಲುಗಳ ಮೇಲೆ ಮಾತ್ರ ಅಕ್ಕನನ್ನು ಕೂರಿಸಬೇಡಿ. 2019ರಿಂದ ಅಲ್ಲಿ ಕೂರುವಂತಿಲ್ಲ, ದಂಡ ಹಾಕುತ್ತಾರೆ.

ಇನ್ನು ನಿಮ್ಮ ಆಸೆ. ಜೊತೆಗೆ ಹೋದಮೇಲೆ ಎಲ್ಲ ಹೊತ್ತೂ ಜೊತೆಗೇ ಇರಬೇಕು ಅಂತೇನಿಲ್ಲ. ಫ್ಲಾರೆನ್ಸ್ ಕ್ಯಾಥೆಡ್ರಲ್‌ನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ನೀವು ಹತ್ತಿ ಬನ್ನಿ, ಅಕ್ಕ ಕೆಳಗೆ ಕಾಫಿ ಕುಡಿಯುತ್ತಾ ಕೂತಿರಲಿ. ಪೀಸಾಗೆ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ಆಸುಪಾಸು. ಒಂದು ದಿನ ನೀವೊಬ್ಬರೇ ಹೋಗಿ ಬನ್ನಿ. ಎಲ್ಲಿ, ಎಷ್ಟು ಗಂಟೆಗೆ ಸೇರುವುದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಇಬ್ಬರ ಫೋನಿನಲ್ಲೂ ಇಂಟರ್ನೆಟ್ ಇರಲಿ, ಇಬ್ಬರ ಚೀಲದಲ್ಲೂ ಹೋಟೆಲಿನ ವಿಳಾಸ ಬರೆದ ಚೀಟಿ, ಸ್ವಲ್ಪ ದುಡ್ಡು ಇರಲಿ.

ಇವತ್ತು ರಾತ್ರಿ ಹತ್ತು ದಿನದ ಒಂದು ಹಾಳೆ ಮಾಡಿ ಪೆನ್ನು ಅಕ್ಕನ ಕೈಗೆ ಕೊಡಿ. ಅವರ ಆರಾಮದ ಹೊತ್ತನ್ನು ಅವರೇ ಮೊದಲು ಗುರುತು ಹಾಕಲಿ. ಟಿಕೆಟ್ ಕೊಳ್ಳುವುದು ಆಮೇಲೆ. ಫ್ಲಾರೆನ್ಸ್‌ನ ಉಫಿಜಿ ಕಲಾ ಗ್ಯಾಲರಿಗೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ತೆರೆಯುವುದಿಲ್ಲ. ಕೊಲೋಸಿಯಂ ಟಿಕೆಟ್ ಹೆಸರಿನ ಮೇಲೆ ಕೊಡುತ್ತಾರೆ, ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಿರಿ.