‘ಕೆಲಸ ನಡೀತಿದೆಯಲ್ಲ ಸಾರ್!’

ಪ್ರಶ್ನೆ: ನಮ್ಮೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಇನ್ನೂ ವಿಂಡೋಸ್ 7 ಕಂಪ್ಯೂಟರ್ ಇದೆ. ಪ್ರಮಾಣಪತ್ರಕ್ಕೆಂದು ಆಧಾರ್ ಜೆರಾಕ್ಸ್ ಕೊಟ್ಟೆ, ಅದರಲ್ಲೇ ಸ್ಕ್ಯಾನ್ ಮಾಡಿಕೊಂಡರು. ಹಳೇದಲ್ವಾ ಅಂದರೆ, ‘ಕೆಲಸ ನಡೀತಿದೆಯಲ್ಲ ಸಾರ್’ ಅಂದರು. ನಾನು ಸುಮ್ನೆ ತಲೆ ಕೆಡಿಸಿಕೊಂಡಿದ್ದೇನಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಖಂಡಿತ ಇಲ್ಲ. ವಿಂಡೋಸ್ 7ಕ್ಕೆ ಉಚಿತ ಅಪ್‌ಡೇಟ್ ನಿಂತಿದ್ದು 2020ರ ಜನವರಿಯಲ್ಲಿ. ದುಡ್ಡು ಕೊಟ್ಟ ಸಂಸ್ಥೆಗಳಿಗೂ 2023ರ ಜನವರಿಗೆ ನಿಂತಿತು. ಆಮೇಲೆ ಸಿಕ್ಕ ತೂತು (ಕಳ್ಳರು ಒಳನುಗ್ಗಬಹುದಾದ ದೋಷ) ಮುಚ್ಚುವವರಿಲ್ಲ. ಇನ್ನೊಂದು ಪೇಚಿದೆ. ಹೊಸ ವಿಂಡೋಸ್‌ಗೆ ತೇಪೆ (ತೂತು ಮುಚ್ಚುವ ಅಪ್‌ಡೇಟ್) ಬಂದ ಕೂಡಲೇ ಕಳ್ಳರು ಅದನ್ನು ಬಿಚ್ಚಿ, ತೂತು ಎಲ್ಲಿತ್ತು ಅಂತ ಪತ್ತೆ ಮಾಡುತ್ತಾರೆ, ಅದೇ ತೂತು ಹಳೇದರಲ್ಲೂ ಇದ್ದರೆ ಅದು ಹಾಗೇ ತೆರೆದಿರುತ್ತದೆ.

ಹಾಗಂತ ಹೊಸ ಯಂತ್ರ ತಂದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. 2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶದ ಹಾವಳಿಗೆ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ತತ್ತರಿಸಿದವು, ಸುಮಾರು 19,000 ಅಪಾಯಿಂಟ್‌ಮೆಂಟ್ ರದ್ದಾದವು. ಎಲ್ಲರೂ ಹಳೇ ವಿಂಡೋಸ್ ಎಕ್ಸ್‌ಪಿಯನ್ನು ಬೈದರು. ಆದರೆ ಅಲ್ಲಿ ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7! ಆಗ ಅದಕ್ಕೆ ಅಪ್‌ಡೇಟ್ ಬರುತ್ತಲೇ ಇತ್ತು, ಈ ತೂತಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಹಾಕಿರಲಿಲ್ಲ ಅಷ್ಟೇ. ನಮ್ಮಲ್ಲೂ ಇದೇ ಗೋಳು ಅನ್ನಿಸುತ್ತದೆ. ಕಂಪ್ಯೂಟರ್ ಕೊಳ್ಳಲು ಟೆಂಡರ್ ಕರೆಯುತ್ತಾರೆ, ಆಮೇಲೆ ನೋಡಿಕೊಳ್ಳುವವರು ಯಾರು ಅಂದರೆ ಉತ್ತರ ಇರುವುದಿಲ್ಲ. ಅಪ್‌ಡೇಟ್ ಹಾಕಿದರೆ ಹಳೇ ಸ್ಕ್ಯಾನರ್ ನಿಂತುಹೋಗುತ್ತದೆ ಎಂಬ ಭಯ ಬೇರೆ (ಅದು ಸುಳ್ಳು ಭಯವೂ ಅಲ್ಲ).

‘ಒಂದೇ ಕಂಪ್ಯೂಟರ್ ತಾನೇ’ ಅನ್ನುವ ಹಾಗೂ ಇಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಐದು ಸರ್ವರ್‌ಗಳಿಗೆ ದಾಳಿಕೋರರು ಬೀಗ ಹಾಕಿದರು, ಚೀಟಿ ಬರೆಯುವುದರಿಂದ ಹಿಡಿದು ಎಲ್ಲ ಕೈಬರಹಕ್ಕೆ ಬಂತು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸಿರಲಿಲ್ಲ (ಒಂದು ಭಾಗದಿಂದ ಇನ್ನೊಂದಕ್ಕೆ ಹೋಗದಂತೆ ಬೇರ್ಪಡಿಸಿರಲಿಲ್ಲ) ಎಂದು ಆಮೇಲೆ ಸರ್ಕಾರವೇ ಸಂಸತ್ತಿಗೆ ಹೇಳಿತು. ವಿಂಗಡಣೆ ಇಲ್ಲದ ಕಡೆ ಮೂಲೆಯ ಒಂದು ಯಂತ್ರ ಕಳ್ಳರ ಕೈಗೆ ಸಿಕ್ಕರೂ ಒಳಗಿನ ಸರ್ವರ್‌ವರೆಗೆ ದಾರಿ ಸಿಗುತ್ತದೆ.

ಪ್ರಶ್ನೆ: ಮಾಹಿತಿ ಸೋರಿದರೆ ಪಾಸ್‌ವರ್ಡ್ ಬದಲಿಸಿದರೆ ಸಾಕಲ್ವಾ?
– ಗೃಹಿಣಿ, ಶಿರಸಿ

ಉತ್ತರ: ಪಾಸ್‌ವರ್ಡ್ ಬದಲಿಸಬಹುದು, ಬೆರಳು? ಅಮೆರಿಕದ ಸರ್ಕಾರಿ ನೌಕರರ ದಾಖಲೆ ಇಡುವ ಇಲಾಖೆಯಲ್ಲಿ 2015ರಲ್ಲಿ ದೊಡ್ಡ ಕಳವು ಬಯಲಾಯಿತು. ಅದರಲ್ಲಿ ಸುಮಾರು 56 ಲಕ್ಷ ಜನರ ಬೆರಳಚ್ಚೂ ಹೋಗಿತ್ತು. ಅಲ್ಲಿನ ಕೆಲವು ವ್ಯವಸ್ಥೆಗಳು ಎಷ್ಟು ಹಳೇವೆಂದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದಕ್ಕೇ ಆಗುತ್ತಿರಲಿಲ್ಲ.

ಕಚೇರಿಯ ಕಂಪ್ಯೂಟರ್ ನಿಮ್ಮ ಕೈಯಲ್ಲಿಲ್ಲ. ಎಲ್ಲಿ ಒಪ್ಪುತ್ತಾರೋ ಅಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಆಧಾರ್ ಆ್ಯಪ್‌ನಲ್ಲಿ ನಿಮ್ಮ ಬೆರಳಚ್ಚಿನ ಬಳಕೆಯನ್ನು ತಡೆಯುವ ಬಯೋಮೆಟ್ರಿಕ್ ಲಾಕ್ ಇದೆ, ಹಾಕಿಡಿ. ರೇಷನ್‌ಗೆ ಹೆಬ್ಬೆಟ್ಟು ಒತ್ತಲು ಹೋಗುವ ಮುಂಚೆ ಮಾತ್ರ ಅದನ್ನು ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಅಲ್ಲಿ ಅಕ್ಕಿ ಸಿಗಲ್ಲ.