ಇಷ್ಟು ಮಳೆ ಬಿದ್ರೂ ನೀರಿಗೆಂತ ಕಷ್ಟ ಅಂತ ಕೇಳಿದ್ಯಲ್ಲ

"ಕೇರಳದಲ್ಲಿದ್ದೀಯ, ನಿಂಗೇನು ನೀರಿನ ಪ್ರಾಬ್ಲಂ, ಅದಿರ್ಲಿ ಕನ್ನಡ ಇಷ್ಟು ಚೆನ್ನಾಗಿ ಎಲ್ಲಿ ಕಲ್ತೆ" ಅಂತ ಒಂದೇ ಉಸಿರಲ್ಲಿ ಕೇಳಿಬಿಟ್ಟೆ ಮಾರಾಯ. ನಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ, ನಮ್ಮಜ್ಜ ಕನ್ನಡ ಶಾಲೆಗೆ ಹೋದದ್ದು ಅದಕ್ಕೂ ಮೊದ್ಲು. ಅದು ಬಿಡು.

ಮಳೆ ಬರ್ತದೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಉಂಟು. ಆದ್ರೆ ಎಲ್ಲಾ ಇಳಿಜಾರು, ಮುರಕಲ್ಲಿನ ಗುಡ್ಡ, ಪಕ್ಕದಲ್ಲೇ ಸಮುದ್ರ, ಬಿದ್ದ ನೀರು ನಿಲ್ಲೂದೆಲ್ಲಿ? ಅದಕ್ಕೇ ಹಿಂದಿನವರು ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತಂದದ್ದು, ಕರೆಂಟೂ ಬೇಡ ಪಂಪೂ ಬೇಡ.

ಇನ್ನೊಂದು ತೋಡಿಗೆ, ಅಂದ್ರೆ ಸಣ್ಣ ಹಳ್ಳಕ್ಕೆ, ಹಾಕುವ ಕಟ್ಟ. ನಮ್ಮ ಜಿಲ್ಲೆಯ ಏತಡ್ಕದ ಕಡೆ ಇದಕ್ಕೆ ದೊಡ್ಡ ಹೆಸರು. ಮಳೆಗಾಲ ಮುಗಿದು ತೋಡಿನ ಹರಿವು ಇಳಿದ ಮೇಲೆ ಅಕ್ಕಪಕ್ಕದ ತೋಟದವರೆಲ್ಲ ಸೇರಿ ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟೂದು, ಈಗ ಟರ್ಪಾಲೂ ಹಾಸ್ತಾರೆ. ನೀರು ಹಿಂದಕ್ಕೆ ನಿಂತು ಮಣ್ಣಿಗೆ ಇಂಗಿದ್ರೆ ಆಚೀಚೆ ಬಾವಿಗಳ ನೀರೂ ಏಳ್ತದೆ. ಮುಂದಿನ ಮಳೆಗೆ ಕಟ್ಟ ಕೊಚ್ಚಿ ಹೋಗ್ತದೆ, ಮತ್ತೆ ಕಟ್ಟಬೇಕು, ಪ್ರತಿವರ್ಷ.

ತಲೆನೋವು ಇರೂದು ಇಲ್ಲೇ. ಬೋರು ಹೊಡೆಸಿದವರು ಬರೂದಿಲ್ಲ. "ನಮ್ಗೆ ನೀರುಂಟಲ್ಲ, ಕಟ್ಟ ನಿಮ್ಗೆ ಬೇಕಾದ್ರೆ ಕಟ್ಟಿ" ಅಂತಾರೆ. ಅಲ್ಲ ಸ್ವಾಮಿ, ನಾವು ಸೊಂಟ ಮುರಿದು ನಿಲ್ಲಿಸಿದ ನೀರು ಇಂಗಿ ಹೋಗೂದು ಅದೇ ನೆಲಕ್ಕೆ, ಅದನ್ನೇ ಇವರು ಮೋಟರು ಹಾಕಿ ಎಳೆಯೂದು, ಮೇಲಿಂದ ನಮ್ಮ ಸುರಂಗದ ಧಾರೆ ಸಪೂರ ಆಗಿ ಮಾರ್ಚಿಗೇ ತೊಟ್ಟಿಕ್ಲಿಕ್ಕೆ ಶುರು. ಒಬ್ಬ ಬಾರದಿದ್ರೆ ಅವನ ಪಾಲಿನ ಕಲ್ಲೂ ಉಳಿದವರ ಹೆಗಲಿಗೆ, ಮುಂದಿನ ವರ್ಷ ಇನ್ನೊಬ್ಬನೂ ಬೋರಿನವನನ್ನು ಕರೆಸ್ತಾನೆ. ಗಟ್ಟಿ ಹೇಳಿದ್ರೆ ಮದುವೆ ಮನೆಯಲ್ಲಿ ಮುಖ ತಿರುಗಿಸ್ತಾರೆ, ಎಲ್ಲಾ ಸಂಬಂಧಿಕರೇ ಅಲ್ವಾ.

ಸರ್ಕಾರಿ ಆಫೀಸಿಂದ ಜಲಸಂರಕ್ಷಣೆ ಸಭೆಗೆ ಬನ್ನಿ ಅಂತ ನೋಟೀಸು ಬಂತು, ಪೂರಾ ಮಲಯಾಳದಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕಾನೂನಲ್ಲೇ ಉಂಟು, ಆದ್ರೂ ಕೇಳಿದ್ರೆ "ಇಷ್ಟು ವರ್ಷ ಇದ್ದೂ ಓದ್ಲಿಕ್ಕೆ ಬರೂದಿಲ್ವಾ" ಅಂತ ನಮಗೇ ಪಾಠ. ಎಲ್ಲರೂ ಕೈಜೋಡಿಸಿ ಅಂತ ಬರೆದದ್ದನ್ನು ನಮ್ಮಮ್ಮನಿಗೆ ಓದಿ ಹೇಳ್ಲಿಕ್ಕೆ ಪಕ್ಕದ ಮನೆ ಹುಡುಗ ಬರ್ಬೇಕು. ಆ ಕಡೆ ಕರ್ನಾಟಕದಲ್ಲಿ ನಿಮ್ಮವರು ನಮ್ಮನ್ನ ಕೇರಳದವರು ಅಂತಾರೆ.

ಸುಮ್ನೆ ಅಲ್ಲಿ ಕೂತು ಆಶ್ಚರ್ಯ ಪಡ್ಬೇಡ. ಡಿಸೆಂಬರಲ್ಲಿ ರಜೆ ಹಾಕಿ ಬಾ, ಕಲ್ಲು ಹೊರ್ಲಿಕ್ಕೆ ಜನ ಕಮ್ಮಿ ಉಂಟು, ಊಟ ನಮ್ಮಲ್ಲೇ.