ಅಯೋಡಿನ್ ಹಿಡಿಯೋಕೆ ಬೆಳ್ಳಿಯೇ ಯಾಕೆ?

ಪ್ರಶ್ನೆ: ಅಣು ವಿದ್ಯುತ್ ಸ್ಥಾವರಗಳಲ್ಲಿ ಗಾಳಿಗೆ ಸೇರುವ ವಿಕಿರಣಶೀಲ ಅಯೋಡಿನ್ ಹಿಡಿಯೋಕೆ ಇದ್ದಿಲು ಸಾಕಂತೆ. ಬಳಸಿದ ಇಂಧನವನ್ನು ಮರುಸಂಸ್ಕರಿಸುವ (ಅಂದರೆ ಕರಗಿಸಿ, ಮತ್ತೆ ಬಳಸಬಹುದಾದ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸುವ) ಕಡೆ ಮಾತ್ರ ಬೆಳ್ಳಿ ಬೇಕು ಅಂತಾರೆ. ಅಷ್ಟು ದುಬಾರಿ ಲೋಹ ಯಾಕೆ? ತನ್ನ ತೂಕಕ್ಕಿಂತ ಜಾಸ್ತಿ ಅಯೋಡಿನ್ ಹೀರುವ ಹೊಸ ವಸ್ತುಗಳು ಬಂದಿವೆಯಲ್ಲ, ಅವನ್ನು ಹಾಕಬಾರದಾ?

ಉತ್ತರ: ಎರಡೂ ಕಡೆ ಅಯೋಡಿನ್ನೇ, ಆದರೆ ಒಂದೇ ಅಯೋಡಿನ್ ಅಲ್ಲ. ಸ್ಥಾವರದಲ್ಲಿ ಮುಖ್ಯ ಭಯ ಅಯೋಡಿನ್-131ರದ್ದು. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಸಮಯ, ಸುಮಾರು 8 ದಿನ. ಇದ್ದಿಲಿನಲ್ಲಿ ಮೂರು ತಿಂಗಳು ಸಿಕ್ಕಿಕೊಂಡರೆ ಸಾವಿರದಲ್ಲಿ ಒಂದು ಪಾಲೂ ಉಳಿಯೋದಿಲ್ಲ. ಇಂಧನವನ್ನು ವರ್ಷಗಟ್ಟಲೆ ನೀರಲ್ಲಿ ತಣಿಸಿಟ್ಟು ಮರುಸಂಸ್ಕರಣೆಗೆ ತರುವ ಹೊತ್ತಿಗೆ 131 ಹೋಗಿರುತ್ತದೆ, ಉಳಿದಿರೋದು ಅಯೋಡಿನ್-129. ಇದರ ಅರ್ಧಾಯುಷ್ಯ ಸುಮಾರು 1.57 ಕೋಟಿ ವರ್ಷ. ವಿಕಿರಣ ಕಡಿಮೆ, ಆದರೆ ನೀರಲ್ಲಿ ಸಲೀಸಾಗಿ ಹರಿದು ಹೋಗುತ್ತದೆ, ದೇಹ ಸೇರಿದರೆ ಥೈರಾಯ್ಡ್ ಗ್ರಂಥಿ ಅದನ್ನು ಎಳೆದುಕೊಳ್ಳುತ್ತದೆ. ಫ್ರಾನ್ಸಿನ ಲಾ ಹೇಗ್ ಮತ್ತು ಬ್ರಿಟನ್ನಿನ ಸೆಲಾಫೀಲ್ಡ್ ಮರುಸಂಸ್ಕರಣಾ ಘಟಕಗಳಿಂದ ಸಮುದ್ರಕ್ಕೆ ಬಿಟ್ಟ ಅಯೋಡಿನ್-129 ಆರ್ಕ್ಟಿಕ್ ಸಾಗರದ ತನಕ ಹೋಗಿದೆ. ಅದರ ಜಾಡು ಹಿಡಿದೇ ವಿಜ್ಞಾನಿಗಳು ಸಾಗರ ಪ್ರವಾಹಗಳನ್ನು ಅಳೆಯುತ್ತಾರೆ.

ಇನ್ನು ಇದ್ದಿಲು. ಇಂಧನದ ಕೊಳವೆಗಳನ್ನು ತುಂಡು ಮಾಡಿ ಬಿಸಿ ನೈಟ್ರಿಕ್ ಆಸಿಡ್‌ಗೆ ಹಾಕಿದಾಗ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್, ನೀರಾವಿ ಮತ್ತು ಅವುಗಳ ಜೊತೆ ತೀರಾ ಅಲ್ಪ ಪ್ರಮಾಣದ ಅಯೋಡಿನ್ ಮೇಲೇಳುತ್ತವೆ. ಇಂಥ ಗಾಳಿಯಲ್ಲಿ ಇದ್ದಿಲಿಗೆ ಬೆಂಕಿ ಹತ್ತುವ ಅಪಾಯವಿದೆ. ಅದಕ್ಕೇ ಮಾರ್ಡೆನೈಟ್ ಎಂಬ, ಆಸಿಡ್ ತಡೆಯುವ ಜಿಯೋಲೈಟ್‌ನ (ಸೂಕ್ಷ್ಮ ರಂಧ್ರಗಳಿರುವ ಖನಿಜದ) ರಂಧ್ರಗಳಲ್ಲಿ ಬೆಳ್ಳಿ ಕೂರಿಸಿ, ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಾಳಿ ಹಾಯಿಸುತ್ತಾರೆ. ಅಯೋಡಿನ್ ಅಲ್ಲಿ ಸುಮ್ನೆ ಅಂಟಿಕೊಳ್ಳೋದಿಲ್ಲ, ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಅಯೋಡೈಡ್ ಆಗುತ್ತದೆ. ಅದು ನೀರಲ್ಲಿ ಕರಗೋದೇ ಇಲ್ಲ ಅನ್ನುವಷ್ಟು ಕಡಿಮೆ ಕರಗುತ್ತದೆ. ಇಂಗಾಲದ ಜೊತೆ ಸೇರಿ ಮೀಥೈಲ್ ಅಯೋಡೈಡ್ ಎಂಬ ರೂಪದಲ್ಲಿ ಬರುವ ಅಯೋಡಿನ್ನನ್ನೂ ಬೆಳ್ಳಿ ಹಿಡಿಯುತ್ತದೆ. ಹಾಗಂತ ಬೆಳ್ಳಿಗೂ ತೊಂದರೆ ಇಲ್ಲದೇ ಇಲ್ಲ: ಅದೇ ಕಂದು ಗಾಳಿ ತಿಂಗಳುಗಟ್ಟಲೆ ಬಡಿದರೆ ಹಿಡಿಯುವ ಶಕ್ತಿ ಇಳಿಯುತ್ತದೆ.

ನೀವು ಕೇಳಿದ ಹೊಸ ವಸ್ತುಗಳು ಲೋಹ-ಸಾವಯವ ಚೌಕಟ್ಟುಗಳು, ಅಂದರೆ ಲೋಹದ ಪರಮಾಣುಗಳನ್ನು ಸಾವಯವ ಅಣುಗಳಿಂದ ಜೋಡಿಸಿ ಕಟ್ಟಿದ, ರಂಧ್ರ ತುಂಬಿದ ಹರಳುಗಳು. ಝಿಫ್-8 ಎಂಬುದು ಒಂದು ಗ್ರಾಂಗೆ ಸುಮಾರು 1.25 ಗ್ರಾಂ ಅಯೋಡಿನ್ ಹೀರುತ್ತದೆ, ಸುಳ್ಳಲ್ಲ. ಆದರೆ ಇಂಥ ಅಂಕಿಗಳು ಬಹುತೇಕ ಬರೋದು ಮುಚ್ಚಿದ ಪಾತ್ರೆಯಲ್ಲಿ ದಟ್ಟ ಅಯೋಡಿನ್ ಆವಿ ತುಂಬಿ ನೋಡಿದಾಗ. ಆಸಿಡ್ ಆವಿ ತಾಗಿದರೆ ಝಿಫ್-8ರ ಚೌಕಟ್ಟೇ ಕುಸಿಯುತ್ತದೆ. ಎಷ್ಟು ಹೀರಿತು ಅನ್ನೋದಕ್ಕಿಂತ ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನೋದೇ ಮುಖ್ಯ ಅಲ್ವಾ? ನನಗೆ ಈ ಎರಡನೇ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗಗಳ ಮೇಲೇ ಜಾಸ್ತಿ ನಂಬಿಕೆ. ಬೆಳ್ಳಿಗೆ ಅಗ್ಗದ ಬದಲಿಯಾಗಿ ಬಿಸ್ಮತ್ ಎಂಬ ಲೋಹದ ಮೇಲೂ ಕೆಲಸ ನಡೆದಿದೆ.

ಹಿಡಿದ ಮೇಲೂ ಕೆಲಸ ಮುಗಿಯೋದಿಲ್ಲ. ಉಳಿದ ಅಣು ತ್ಯಾಜ್ಯದಂತೆ ಇದನ್ನು ಸಾವಿರ ಡಿಗ್ರಿ ದಾಟಿದ ಗಾಜಿನಲ್ಲಿ ಕರಗಿಸಿದರೆ ಅಯೋಡಿನ್ ಮತ್ತೆ ಆವಿಯಾಗಿ ಹಾರುತ್ತದೆ. ಹಾಗಾಗಿ ಬೆಳ್ಳಿ ಸಮೇತ ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡುವ ದಾರಿ ಹುಡುಕಿದ್ದಾರೆ. ಅಲ್ಲೂ ಒಂದು ತೊಡಕಿದೆ: ನೆಲದಾಳದಲ್ಲಿ ಆಮ್ಲಜನಕವಿಲ್ಲದೆ, ಹತ್ತಿರದಲ್ಲೇ ಕಬ್ಬಿಣ ಇದ್ದರೆ ಸಿಲ್ವರ್ ಅಯೋಡೈಡ್ ಒಡೆದು ಅಯೋಡಿನ್ ನೀರಿಗೆ ಸೇರಬಹುದು. ಅದಕ್ಕೇ ಕೆಲವರು ಅಯೋಡಿನ್ನನ್ನು ಸೋಡಲೈಟ್‌ನಂಥ ಖನಿಜಗಳ ಒಳಗೆ ಕೂರಿಸಲು ನೋಡುತ್ತಿದ್ದಾರೆ.